ಜುಲೈ ಸೇಲಿನಲ್ಲಿ ಚಳಿಗಾಲದ ಕೋಟು: ಬೆಲೆ ಚೀಟಿ ಬಿಡಿ, ಒಳಗಿನ ಲೇಬಲ್ ನೋಡಿ

ಅಮೆರಿಕದಲ್ಲಿರುವ ಓದುಗಿಯರ ಪ್ರಶ್ನೆಗಳಿಗೆ ಈ ಸಲ ಉತ್ತರಿಸುತ್ತಿರುವವರು ಬೆಂಗಳೂರಿನ ರಫ್ತು ಗಾರ್ಮೆಂಟ್ಸ್‌ಗಳಲ್ಲಿ ಗುಣಮಟ್ಟ ಪರೀಕ್ಷಕಿಯಾಗಿದ್ದು, ಈಗ ಅಮೆರಿಕದಲ್ಲಿ ಮಹಿಳೆಯರ ಉಡುಪಿನ ಖರೀದಿ ವಿಭಾಗದಲ್ಲಿರುವ ತಜ್ಞೆ.

ಜೂನ್ ಮುಗಿಯುವ ಹೊತ್ತಿಗೆ ಒಂದೇ ಪ್ರಶ್ನೆ ನಾನಾ ವೇಷ ಹಾಕಿಕೊಂಡು ಬರಲು ಶುರುವಾಗುತ್ತದೆ. ಹೋದ ವರ್ಷವೂ ಉತ್ತರಿಸಿದ್ದೆ, ಅದರ ಹಿಂದಿನ ವರ್ಷವೂ. ಈ ಸಲ ಒಂದು ಪ್ರಶ್ನೆಗೆ ಉದ್ದಕ್ಕೆ ಬರೆದುಬಿಡುತ್ತೇನೆ. ಮಿಕ್ಕವಕ್ಕೆ ಅಷ್ಟು ತಾಳ್ಮೆ ಇಲ್ಲ. ಸೈಜ್ ಚಾರ್ಟ್ ಓದುವುದು ಹೇಗೆ, ಆನ್‌ಲೈನ್ ಆರ್ಡರ್ ಹೇಗೆ ಎಂದು ಕೇಳಿದವರು ಮನೆಯ ಮಕ್ಕಳನ್ನು ಕೇಳಿಕೊಳ್ಳಿ.

ನಾರ್ಡ್‌ಸ್ಟ್ರಾಮ್‌ನ ವಾರ್ಷಿಕೋತ್ಸವದ ಸೇಲ್ ಬರುತ್ತಿದೆ. ಸ್ವೆಟರ್, ಕೋಟು, ಬೂಟು ಎಲ್ಲಕ್ಕೂ ಬೆಲೆ ಕಡಿತ ಅಂತಾರೆ. ಇದು ನಿಜವಾದ ರಿಯಾಯಿತಿಯೋ, ಏರಿಸಿ ಇಳಿಸುವ ಆಟವೋ? ಜುಲೈನಲ್ಲೇ ಕೊಳ್ಳಲೋ, ಜನವರಿಗೆ ಕಾಯಲೋ? (ಬೆಲ್‌ವ್ಯೂ, ವಾಷಿಂಗ್ಟನ್)

ಜುಲೈ ಅಂದ ಕೂಡಲೇ ನಮ್ಮವರ ತಲೆಯಲ್ಲಿ ಓಡುವುದು ಆಷಾಢದ ಡಿಸ್ಕೌಂಟು. ಚಿಕ್ಕಪೇಟೆಯಲ್ಲಿ ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಗಿರಾಕಿ ಇಲ್ಲ, ಉಳಿದ ಸರಕನ್ನು ಸಾಗಹಾಕಬೇಕು, ಅದಕ್ಕೆ ರೇಟು ಇಳಿಸುತ್ತಾರೆ. ಸಿಯಾಟಲ್‌ನ ಬಟ್ಟೆ ಅಂಗಡಿ ನಾರ್ಡ್‌ಸ್ಟ್ರಾಮ್ ಮಾಡುವುದು ಅದರ ತದ್ವಿರುದ್ಧ. ಇಲ್ಲಿ ಸೇಲಿಗೆ ಬರುವುದು ಹಳೆಯ ಸರಕಲ್ಲ, ಮುಂದಿನ ಶರತ್ಕಾಲದ ಹೊಸ ಮಾಲು. ಕೆಲವು ವಾರ ಕಡಿಮೆ ಬೆಲೆಗೆ ಮಾರಿ, ಸೇಲ್ ಮುಗಿದ ಮರುದಿನ ಅದೇ ಕೋಟನ್ನು ಪೂರ್ತಿ ಬೆಲೆಗೆ ಏರಿಸುತ್ತಾರೆ. ಇದು 1901ರಲ್ಲಿ ಬೂಟಿನ ಅಂಗಡಿಯಾಗಿ ಹುಟ್ಟಿ, 1963ರಲ್ಲಿ ಬಟ್ಟೆ ವ್ಯಾಪಾರಕ್ಕಿಳಿದ ಸಂಸ್ಥೆ. ಈ ಸೇಲ್ ಅವರ ವರ್ಷದ ದೊಡ್ಡ ಹಬ್ಬ. 2020ರಲ್ಲಿ ಕೋವಿಡ್‌ನಿಂದಾಗಿ ಅದನ್ನು ಆಗಸ್ಟಿಗೆ ತಳ್ಳಿದಾಗ ಮಾರಾಟದ ಲೆಕ್ಕವೇ ಒಂದು ತ್ರೈಮಾಸಿಕದಿಂದ ಇನ್ನೊಂದಕ್ಕೆ ಜಾರಿತು.

ಹಾಗಾದರೆ ರಿಯಾಯಿತಿ ಸುಳ್ಳೇ? ಅಲ್ಲ. ಆದರೆ ಚೀಟಿಯ ಮೇಲಿನ ಎರಡು ಬೆಲೆಗಳಲ್ಲಿ ದೊಡ್ಡದು ನೆನ್ನೆಯದಲ್ಲ, ನಾಳೆಯದು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಏರಿಸಿ ಇಳಿಸುವ ಆಟದ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿಯಲ್ಲಿ ಒಂದು ಪೆನ್ನಿನ ಉದಾಹರಣೆ ಇದೆ. ಏಳೂವರೆ ಡಾಲರಿಗೆ ಮಾರುತ್ತಿದ್ದ ಪೆನ್ನಿಗೆ ಅಂಗಡಿಯವನು ಕೆಲವೇ ದಿನ ಹತ್ತು ಡಾಲರ್ ಅಂತ ಹಾಕುತ್ತಾನೆ. ಯಾರೂ ಕೊಳ್ಳುವುದಿಲ್ಲ, ಅವನಿಗೆ ಅದು ಬೇಕೂ ಇಲ್ಲ. ಆಮೇಲೆ 'ಹತ್ತು ಇದ್ದದ್ದು ಈಗ ಏಳೂವರೆ' ಅಂತ ಬೋರ್ಡು ಬರೆಯುತ್ತಾನೆ. ಇದು ಮೋಸ ಎನ್ನುತ್ತದೆ ಮಾರ್ಗಸೂಚಿ. ಕ್ಯಾಲಿಫೋರ್ನಿಯಾದ ಕಾನೂನು ಇನ್ನೂ ಬಿಗಿ. ಜಾಹೀರಾತಿನಲ್ಲಿ ಹಳೆಯ ಬೆಲೆ ಹೇಳುವುದಾದರೆ ಅದು ಹಿಂದಿನ ಮೂರು ತಿಂಗಳೊಳಗೆ ಮಾರುಕಟ್ಟೆಯಲ್ಲಿ ನಡೆಯುತ್ತಿದ್ದ ಬೆಲೆಯಾಗಿರಬೇಕು, ಇಲ್ಲವೇ ಅದು ಯಾವಾಗಿನದು ಎಂದು ಹೇಳಬೇಕು. ಹೊಸ ಕೋಟಿಗೆ ಹಳೆಯ ಬೆಲೆಯೇ ಇಲ್ಲ. ಅದಕ್ಕೇ ವಾರ್ಷಿಕೋತ್ಸವದ ಸೇಲಿನವರು ಮುಂದಿನ ಬೆಲೆ ತೋರಿಸುತ್ತಾರೆ. ಸೇಲ್ ಮುಗಿದ ಮೇಲೆ ಬೆಲೆ ಏರುವುದೂ ನಿಜ. ಆ ಏರಿದ ಬೆಲೆ ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಬೇರೆ ಮಾತು. ಥ್ಯಾಂಕ್ಸ್‌ಗಿವಿಂಗ್ ಬರುತ್ತದೆ, ಕ್ರಿಸ್‌ಮಸ್ ಮುಗಿಯುತ್ತದೆ, ಜನವರಿಯಲ್ಲಿ ಕೋಟುಗಳ ಮೇಲೆ ಬೆಲೆ ಇಳಿಸಿದ ಕೆಂಪು ಚೀಟಿ ಬೀಳುತ್ತದೆ.

ಈಗ ಕೊಳ್ಳುವುದೋ ಕಾಯುವುದೋ? ಜುಲೈನಲ್ಲಿ ನೀವು ದುಡ್ಡು ಕೊಡುವುದು ಅಳತೆಗೆ ಮತ್ತು ಬಣ್ಣಕ್ಕೆ. ಜನವರಿಯಲ್ಲಿ ಕಡಿಮೆ ದುಡ್ಡಿಗೆ ಸಿಗುವುದು ಬೇರೆಯವರು ಬಿಟ್ಟುಹೋದದ್ದು. ಮಧ್ಯದ ಸೈಜುಗಳು, ಕಪ್ಪು ಮತ್ತು ಒಂಟೆ ಬಣ್ಣ ಮೊದಲು ಖಾಲಿಯಾಗುತ್ತವೆ. ಕೊನೆಗೆ ಉಳಿಯುವುದು ತೀರಾ ಚಿಕ್ಕದು, ತೀರಾ ದೊಡ್ಡದು, ಸಾಸಿವೆ ಹಳದಿ. ನಿಮ್ಮದು ಅಂಚಿನ ಅಳತೆಯಾದರೆ, ಬಣ್ಣದ ಹಟ ಇಲ್ಲದಿದ್ದರೆ ಕಾಯಿರಿ. ಮಧ್ಯದ ಅಳತೆಯವರು, ಪೆಟೀಟ್ ಬೇಕಾದವರು ಕಾದು ಪ್ರಯೋಜನವಿಲ್ಲ. ಪೆಟೀಟ್ ಎಂದರೆ 5 ಅಡಿ 4 ಅಂಗುಲ ಮತ್ತು ಅದಕ್ಕಿಂತ ಕುಳ್ಳಗಿರುವವರಿಗೆ ಹೊಲಿದದ್ದು, ತೆಳ್ಳಗಿರುವವರಿಗಲ್ಲ. ನಮ್ಮ ಹೆಂಗಸರು ರೆಗ್ಯುಲರ್ ಸೈಜಿನ ಕೋಟು ತಂದು ತೋಳು ಕತ್ತರಿಸಿಕೊಡಿ ಎಂದು ಟೈಲರ್ ಹತ್ತಿರ ಹೋಗುತ್ತಾರೆ. ತೋಳಿನ ಉದ್ದ ಕಡಿಮೆ ಮಾಡಬಹುದು, ಭುಜದ ಹೊಲಿಗೆ ಮುಟ್ಟಿದರೆ ಕೋಟಿನ ಬೆಲೆಯ ಅರ್ಧ ಅಲ್ಲೇ ಹೋಯಿತು. ಭುಜ ಕೂರದ ಕೋಟು ಎಷ್ಟೇ ಅಗ್ಗವಾಗಿರಲಿ, ಕೆಳಗಿಡಿ.

ನಾನು ನಿಜವಾಗಿ ಹೇಳಬೇಕಾದದ್ದು ಇನ್ನು ಮುಂದಿದೆ. ಶೇಕಡಾ ಎಷ್ಟು ಕಡಿತ ಎಂದು ಲೆಕ್ಕ ಹಾಕುವವರಲ್ಲಿ ಒಬ್ಬರೂ ಕೋಟನ್ನು ಒಳಮಗುಚಿ ನೋಡುವುದಿಲ್ಲ. ತೂಗುವ ಚೀಟಿಯ ಮೇಲೆ 'ವುಲ್ ಬ್ಲೆಂಡ್' ಎಂದು ಚಂದಕ್ಕೆ ಬರೆದಿರುತ್ತಾರೆ. ಒಳಗೆ ಹೊಲಿದ ಲೇಬಲ್‌ನಲ್ಲಿ ಪ್ರತಿ ಮುಖ್ಯ ನಾರಿನ ಶೇಕಡಾವಾರು ಬರೆಯಲೇಬೇಕು, ಅದು ಇಲ್ಲಿಯ ಕಾನೂನು. ಅಲ್ಲಿ ಪಾಲಿಯೆಸ್ಟರ್ 62, ವುಲ್ 28 ಅಂತಿದ್ದರೆ ನೀವು ಕೊಳ್ಳುತ್ತಿರುವುದು ಪಾಲಿಯೆಸ್ಟರ್ ಕೋಟು, ಅದರಲ್ಲಿ ಸ್ವಲ್ಪ ಕುರಿ ಇದೆ. ವುಲ್ 80, ನೈಲಾನ್ 20 ಇದ್ದರೆ ಹೆದರಬೇಡಿ, ಆ ನೈಲಾನ್ ಬಾಳಿಕೆಗೆ ಹಾಕಿದ್ದು. 'ರೀಸೈಕಲ್ಡ್ ವುಲ್' ಎಂದಿದ್ದರೆ ನಾರು ಗಿಡ್ಡವಾಗಿರುತ್ತದೆ, ಮೊಣಕೈ ಹತ್ತಿರ ಬೇಗ ಸವೆಯುತ್ತದೆ. ಪರಿಸರದ ದೃಷ್ಟಿಯಿಂದ ಒಳ್ಳೆಯದೇ, ಆದರೆ ಹೊಸ ಉಣ್ಣೆಯ ಬೆಲೆ ಕೊಡಬೇಡಿ.

ಆಮೇಲೆ ಲೈನಿಂಗ್. ಕಂಕುಳ ಭಾಗದಲ್ಲಿ ಲೈನಿಂಗ್ ಬಿಗಿದು ಕೂತಿದೆಯೇ, ಬೆನ್ನಿನ ಮಧ್ಯೆ ಮಡಿಕೆ ಬಿಟ್ಟಿದ್ದಾರೆಯೇ ನೋಡಿ. ಮಡಿಕೆ ಇಲ್ಲದ ಲೈನಿಂಗ್ ಕಾರಿನ ಸ್ಟೀರಿಂಗ್ ತಿರುಗಿಸಿದ ಮೊದಲ ಚಳಿಗಾಲದಲ್ಲೇ ಹರಿಯುತ್ತದೆ. ಗುಂಡಿಯ ಹಿಂದೆ ಒಂದು ಪುಟ್ಟ ಗುಂಡಿ ಇದ್ದರೆ ಮಾಡಿದವರಿಗೆ ಮಾನ ಇದೆ ಎಂದರ್ಥ. ಚೌಕಳಿ ಬಟ್ಟೆಯಾದರೆ ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಿದೆಯೇ ನೋಡಿ. ಕೂಡಿಸಲು ಬಟ್ಟೆ ಹೆಚ್ಚು ಬೇಕು, ಖರ್ಚು ಉಳಿಸುವವರು ಮೊದಲು ಕೈಬಿಡುವುದು ಅದನ್ನೇ. ಯಾವ ದೊಡ್ಡ ಸೇಲೇ ಇರಲಿ, ಕೆಲವು ಬ್ರಾಂಡ್‌ಗಳು ಅದಕ್ಕೆಂದೇ ಬೇರೆ ಸ್ಟೈಲ್ ಮಾಡಿಸುವುದುಂಟು. ಹೆಸರು ಅದೇ, ಬಟ್ಟೆ ತೆಳು, ಹೊಲಿಗೆಯ ಒಳಗೆ ಬಿಡುವ ಅಂಚು ಕಡಿಮೆ. ಆ ಬ್ರಾಂಡಿನ ಸ್ವಂತ ಅಂಗಡಿಯಲ್ಲಿ ಆ ಸ್ಟೈಲ್ ಕಾಣದಿದ್ದರೆ ಒಂದು ಅನುಮಾನ ಇಟ್ಟುಕೊಳ್ಳಿ.

ಬ್ರಾಂಡ್ ದೊಡ್ಡದು, ಪರೀಕ್ಷೆ ಮಾಡಿಯೇ ಕಳಿಸಿರುತ್ತಾರೆ ಎನ್ನುವವರಿಗೆ ನಮ್ಮ ಕಾರ್ಖಾನೆಯ ಒಳಗಿನ ಸಂಗತಿ ಹೇಳುತ್ತೇನೆ. ಪೀಣ್ಯವಾಗಲಿ, ಬೊಮ್ಮನಹಳ್ಳಿಯಾಗಲಿ, ರಫ್ತಿಗೆ ಹೊರಟ 3000 ಬ್ಲೌಸ್‌ಗಳ ಲಾಟ್ ಅನ್ನು ಯಾರೂ ಒಂದೊಂದಾಗಿ ಬಿಚ್ಚಿ ನೋಡಿ ಪಾಸ್ ಮಾಡುವುದಿಲ್ಲ. ಎಕ್ಯೂಎಲ್ 2.5 (ಒಂದು ಲಾಟ್‌ನಲ್ಲಿ ಎಷ್ಟು ದೋಷ ಒಪ್ಪಬಹುದು ಎನ್ನುವ ಮಿತಿ) ಎಂಬ ಸಾಮಾನ್ಯ ಪದ್ಧತಿಯಲ್ಲಿ 125 ಪೀಸ್ ಹೆಕ್ಕಿ ಟೇಬಲ್ ಮೇಲೆ ಹರಡುತ್ತೇವೆ. 7 ದೋಷಗಳವರೆಗೆ ಲಾಟ್ ಪಾಸ್, 8ನೆಯದು ಸಿಕ್ಕರೆ ಫೇಲ್. ಅಂದರೆ ತೋಳು ಅರ್ಧ ಅಂಗುಲ ಏರುಪೇರಾದ ಬ್ಲೌಸ್‌ಗಳು ನ್ಯಾಯವಾಗಿಯೇ ಹಡಗು ಹತ್ತಿರುತ್ತವೆ. ಆದ್ದರಿಂದ ರ‍್ಯಾಕಿನಲ್ಲಿ ಒಂದೇ ಸೈಜಿನ ಮೂರು ತುಂಡು ಇದ್ದರೆ ಮೂರನ್ನೂ ಹಾಕಿ ನೋಡಿ. ಮನೆಗೆ ತರಿಸಿದ್ದಾದರೆ ಬಂದ ದಿನವೇ ಬೆಳಕಿನಲ್ಲಿ ಹಿಡಿಯಿರಿ, ಅಕ್ಟೋಬರ್‌ವರೆಗೆ ಡಬ್ಬಿಯಲ್ಲೇ ಇಡಬೇಡಿ.

ಕೊನೆಯದಾಗಿ ಊರು. ನೀವಿರುವುದು ಬೆಲ್‌ವ್ಯೂನಲ್ಲಿ. ಅಲ್ಲಿ ನಿಮ್ಮನ್ನು ಕಾಡುವುದು ಮಳೆ, ಹಿಮಕ್ಕಿಂತ ಹೆಚ್ಚಾಗಿ. ಉದ್ದ ಉಣ್ಣೆಯ ಕೋಟು ನೆನೆದು ಭಾರವಾಗಿ ಕುರಿಯ ವಾಸನೆ ಹೊಡೆಯುತ್ತದೆ, ನಿಮಗೆ ಬೇಕಾದದ್ದು ನೀರು ತಡೆಯುವ ಹೊರಪದರ ಮತ್ತು ಒಳಗೊಂದು ಮೆರಿನೋ ಉಣ್ಣೆಯ ಸ್ವೆಟರ್. ನ್ಯೂಜೆರ್ಸಿಯವರಿಗೆ ಉಣ್ಣೆಯೋ, ಹಕ್ಕಿಯ ಗರಿ ತುಂಬಿದ ಡೌನ್ ಜಾಕೆಟ್ಟೋ ಬೇಕೇ ಬೇಕು. ಕ್ಯುಪರ್ಟಿನೊದವರು ಮೊಣಕಾಲವರೆಗಿನ ಡೌನ್ ಕೋಟು ಕೊಂಡು ಏನು ಮಾಡುತ್ತೀರೋ ನನಗೆ ಗೊತ್ತಿಲ್ಲ. ಡೌನ್ ಕೊಳ್ಳುವವರು '800 ಫಿಲ್' ಎಂದು ಕುಣಿಯಬೇಡಿ. ಒಂದು ಔನ್ಸ್ ಗರಿ ಎಷ್ಟು ಘನ ಅಂಗುಲ ಉಬ್ಬುತ್ತದೆ ಎನ್ನುವ ಅಂಕಿ ಅದು, ಒಳಗೆ ಎಷ್ಟು ಗರಿ ತುಂಬಿದ್ದಾರೆ ಎನ್ನುವುದಲ್ಲ. ಧಾರಾಳವಾಗಿ ತುಂಬಿದ 600, ಜಿಪುಣತನದಿಂದ ತುಂಬಿದ 800ಕ್ಕಿಂತ ಬೆಚ್ಚಗಿರುತ್ತದೆ. ಇನ್ನು ನವೆಂಬರಿನ ರಾಜ್ಯೋತ್ಸವ, ದೀಪಾವಳಿಗೆ ಸೀರೆಯ ಮೇಲೆ ಹಾಕುವ ಕೋಟು ಬೇಕಾದರೆ ಟ್ರಯಲ್ ರೂಮಿಗೆ ಜೀನ್ಸ್ ಹಾಕಿಕೊಂಡು ಹೋಗಬೇಡಿ. ಸೆರಗು, ನೆರಿಗೆ ಎರಡಕ್ಕೂ ಜಾಗ ಬೇಕು. ಸೊಂಟಕ್ಕೆ ಬೆಲ್ಟ್ ಬಿಗಿಯುವ ಕೋಟು ಸೀರೆಗೆ ಆಗುವುದಿಲ್ಲ, ಮೇಲಿಂದ ಕೆಳಗೆ ನೇರ ಇಳಿಯುವ, ಮೊಣಕಾಲು ದಾಟುವ ಕೋಟು ನೋಡಿ.

ಅಂಗಡಿಯ ಕ್ರೆಡಿಟ್ ಕಾರ್ಡ್ ಮಾಡಿಸಿದರೆ ಸೇಲಿಗೆ ಎಲ್ಲರಿಗಿಂತ ಮೊದಲು ಒಳಗೆ ಬಿಡುತ್ತಾರಂತೆ. ಮಾಡಿಸಲೇ? (ಎಡಿಸನ್, ನ್ಯೂಜೆರ್ಸಿ)

ಬಿಡುತ್ತಾರೆ. ಹಿಂದೆ ಹೆಚ್ಚು ಖರ್ಚು ಮಾಡಿದವರಿಗೆ ಇನ್ನೂ ಮೊದಲು. ಆದರೆ ಇಲ್ಲಿಯ ಅಂಗಡಿ ಕಾರ್ಡುಗಳ ಬಡ್ಡಿ ವರ್ಷಕ್ಕೆ ಶೇಕಡಾ 30ರ ಆಸುಪಾಸು ಓಡಾಡುತ್ತದೆ. ತಿಂಗಳು ತಿಂಗಳೂ ಬಾಕಿ ಉಳಿಸಿಕೊಳ್ಳುವ ಚಾಳಿ ಇರುವವರಿಗೆ ಸೇಲಿನ ಉಳಿತಾಯ ಬಡ್ಡಿಗೇ ಕರಗುತ್ತದೆ. ಹೊಸದಾಗಿ ಬಂದು ಇನ್ನೂ ಕ್ರೆಡಿಟ್ ಇತಿಹಾಸ ಕಟ್ಟುತ್ತಿರುವವರು, ಮನೆ ಸಾಲಕ್ಕೆ ಅರ್ಜಿ ಹಾಕಲಿರುವವರು ಒಂದು ಸ್ವೆಟರಿಗಾಗಿ ಅರ್ಜಿ ತುಂಬಬೇಡಿ. ನಾನಂತೂ ಹಣಕಾಸಿನ ವಿಷಯದಲ್ಲಿ ಅಂಜುಬುರುಕಿ, ಯಾವ ಅಂಗಡಿಯ ಕಾರ್ಡೂ ಇಟ್ಟುಕೊಂಡಿಲ್ಲ. ಎಲ್ಲರಿಗೂ ಬಾಗಿಲು ತೆರೆದ ದಿನ ಹೋಗಿ ನೋಡಿ, ಉಳಿದಿದ್ದರೆ ತನ್ನಿ.

ಒಬ್ಬರು ಯೂಟ್ಯೂಬ್‌ನಲ್ಲಿ 'ಸೇಲಿನಲ್ಲಿ ಕೊಳ್ಳಲೇಬೇಕಾದ 25 ವಸ್ತು' ಎಂದು ಹೇಳುತ್ತಾರೆ. ನಂಬಬಹುದೇ?

ವಿಡಿಯೋ ಕೆಳಗಿನ ಲಿಂಕ್ ಒತ್ತಿ ನೀವು ಕೊಂಡರೆ ಅವರಿಗೆ ಕಮಿಷನ್ ಇರುತ್ತದೆಯೇ ನೋಡಿ. ಇದ್ದರೆ ಅದನ್ನು ಅವರು ಸ್ಪಷ್ಟವಾಗಿ ಹೇಳಬೇಕು ಎನ್ನುವುದು ಇಲ್ಲಿಯ ನಿಯಮ, ಹೇಳದವರ ಮಾತು ಕೇಳಬೇಡಿ. ಹೇಳಿದವರದ್ದೂ 25 ಬೇಡ.

ಕ್ಯಾಶ್ಮೀರ್ ಸ್ವೆಟರ್ ಎರಡೇ ವಾರದಲ್ಲಿ ಗುಂಜು ಎದ್ದಿದೆ. ನಕಲಿ ಅಲ್ಲವೇ?

ಗುಂಜು ಎದ್ದ ಮಾತ್ರಕ್ಕೆ ನಕಲಿಯಲ್ಲ. ಅಮೆರಿಕದ ಕಾನೂನಿನಲ್ಲಿ ಕ್ಯಾಶ್ಮೀರ್ ಎನ್ನಿಸಿಕೊಳ್ಳಲು ನಾರಿನ ಸರಾಸರಿ ದಪ್ಪ 19 ಮೈಕ್ರಾನ್ ಮೀರಬಾರದು. ಅಷ್ಟು ನಯವಾದ ನಾರು ಉಜ್ಜಿದ ಕಡೆ ಎದ್ದೇ ಏಳುತ್ತದೆ. ಎಷ್ಟು ಏಳುತ್ತದೆ ಎನ್ನುವುದು ನಾರಿನ ಉದ್ದದ ಮೇಲೆ ನಿಂತಿದೆ. ಅಂಗಡಿಯಲ್ಲೇ ಮೊಲದ ಮರಿಯಷ್ಟು ಮೆತ್ತಗಿರುವುದನ್ನು ನೋಡಿ ಮರುಳಾಗುತ್ತೀರಲ್ಲ, ಆ ಮೆತ್ತನೆ ಬಹಳ ಸಲ ಕಾರ್ಖಾನೆಯಲ್ಲಿ ಅತಿಯಾಗಿ ತೊಳೆದು ಬರಿಸಿದ್ದು. ಅಂಥದ್ದು ಎಲ್ಲಕ್ಕಿಂತ ಮೊದಲು ಗುಂಜಾಗುತ್ತದೆ. ಸ್ವೆಟರಿನ ಕೆಳ ಅಂಚಿನ ಪಟ್ಟಿಯನ್ನು ಎಳೆದು ಬಿಡಿ, ತಟ್ಟನೆ ಸ್ವಸ್ಥಾನಕ್ಕೆ ಬಂದರೆ ಹೆಣಿಗೆ ಗಟ್ಟಿಯಾಗಿದೆ. ಎದ್ದದ್ದನ್ನು ಸ್ವೆಟರ್ ಬಾಚಣಿಗೆಯಿಂದ ತೆಗೆಯಿರಿ. ಶೇವಿಂಗ್ ರೇಜರ್ ಹಾಕಿ ತೂತು ಮಾಡಿಕೊಂಡವರು ನನಗೆ ಫೋಟೋ ಕಳಿಸಬೇಡಿ. ಇನ್ನು, ಬೀದಿಬದಿಯಲ್ಲಿ ಹತ್ತು ಡಾಲರಿಗೆ 'ಅಪ್ಪಟ ಪಶ್ಮಿನಾ' ತಂದವರು ಈ ಪ್ರಶ್ನೆಯನ್ನೇ ಕೇಳಬೇಕಿಲ್ಲ. ಅದು ವಿಸ್ಕೋಸ್, ಇಲ್ಲವೇ ಅಕ್ರಿಲಿಕ್.

ನಮ್ಮಂಥ ಶ್ಯಾಮಲ ವರ್ಣದವರಿಗೆ ಶರತ್ಕಾಲದ ಯಾವ ಬಣ್ಣಗಳು ಒಗ್ಗುವುದಿಲ್ಲ? ಇಲ್ಲೊಬ್ಬರು ದುಡ್ಡು ತಗೊಂಡು 'ಕಲರ್ ಅನಾಲಿಸಿಸ್' ಮಾಡುತ್ತಾರೆ.

ಒಗ್ಗದ ಬಣ್ಣ ಅಂತ ಯಾವುದೂ ಇಲ್ಲ. ಆ ದುಡ್ಡಿಗೆ ಒಳ್ಳೆಯ ಕೈಗವಸು ಬರುತ್ತದೆ.

ಹೊಸ ಕಡುಗೆಂಪು ಬಟ್ಟೆಯನ್ನು ಉಪ್ಪು, ವಿನಿಗರ್ ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಅತ್ತೆ ಹೇಳುತ್ತಾರೆ.

ಉಪ್ಪು ಕೆಲಸ ಮಾಡುವುದು ಡೈ ಹಾಕುವ ತೊಟ್ಟಿಯಲ್ಲಿ, ನಿಮ್ಮ ಬಕೆಟ್ಟಿನಲ್ಲಲ್ಲ. ಮೊದಲ ಕೆಲವು ಸಲ ತಣ್ಣೀರಿನಲ್ಲಿ ಬೇರೆ ಒಗೆಯಿರಿ. ಅತ್ತೆಯವರ ಹತ್ತಿರ ವಾದಕ್ಕಿಳಿಯಬೇಡಿ.

ಸೇಲಿನಲ್ಲಿ ಕೊಂಡದ್ದನ್ನು ಒಂದೇ ಕಾರ್ಯಕ್ರಮಕ್ಕೆ ಚೀಟಿ ಒಳಗೆ ಮಡಿಚಿ ಹಾಕಿಕೊಂಡು, ಆಮೇಲೆ ವಾಪಸ್ ಮಾಡಬಹುದಲ್ಲವೇ? ಅವರಿಗೆ ಕಾಲಮಿತಿಯೇ ಇಲ್ಲವಂತೆ.

ನಾರ್ಡ್‌ಸ್ಟ್ರಾಮ್‌ನಲ್ಲಿ ವಾಪಸಿಗೆ ಇಂತಿಷ್ಟು ದಿನ ಎಂಬ ಗಡುವಿಲ್ಲ, ನಿಜ. ಪ್ರತಿಯೊಂದನ್ನೂ ನೋಡಿ ತೀರ್ಮಾನಿಸುತ್ತಾರೆ, ಬೇಡ ಎನ್ನುವ ಹಕ್ಕೂ ಅವರಿಗಿದೆ. ಅಲಾಸ್ಕಾದ ಅಂಗಡಿಯಲ್ಲಿ ಯಾರೋ ಕಾರಿನ ಟೈರ್ ತಂದುಕೊಟ್ಟಾಗಲೂ ವಾಪಸ್ ತಗೊಂಡರು ಎಂದು ಆ ಕಂಪನಿಯವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಅವರು ಟೈರ್ ಮಾರುವವರೇ ಅಲ್ಲ. ಅಂಥವರ ಒಳ್ಳೆಯತನವನ್ನು ಹೀಗೆ ಬಳಸಿಕೊಳ್ಳುವ ದಾರಿ ನನ್ನಿಂದ ಕೇಳಬೇಡಿ. ಮತ್ತೆ, ಕಾಲರ್ ಮೇಲೆ ಫೌಂಡೇಶನ್, ಕಂಕುಳಲ್ಲಿ ಬೆವರು, ತೋಳಿನಲ್ಲಿ ಒಗ್ಗರಣೆಯ ಘಮ ಇದ್ದರೆ ಕೌಂಟರಿನ ಹುಡುಗಿಗೆ ಚೀಟಿ ನೋಡುವ ಅಗತ್ಯವೇ ಬೀಳುವುದಿಲ್ಲ.