ಇಂಗ್ಲಿಷಿನ ಫೀಲಿಂಗ್ ಪದಗಳನ್ನ ಐಸ್‌ಲ್ಯಾಂಡಿಕ್‌ನಲ್ಲಿ ಹೇಗೆ ಹೇಳೋದು?

ನೀವು ಕೇಳಿರೋ 'ಐ ಆಮ್ ಬೋರ್ಡ್' (ಬೇಜಾರು), 'ಐ ಆಮ್ ಆಂಗ್ರಿ' (ಕೋಪ), 'ಐ ಲವ್ ಯೂ' (ಪ್ರೀತಿ) ಮೂರೂ ಐಸ್‌ಲ್ಯಾಂಡಿಕ್‌ನಲ್ಲಿ ಒಂದೇ ಥರ ಬರಲ್ಲ. ಇಂಗ್ಲಿಷಿನ 'ಐ ಆಮ್' ಅನ್ನೋದನ್ನ ಮೊದಲು ಮರೀರಿ, ಕನ್ನಡದಲ್ಲಿ ಯೋಚನೆ ಮಾಡಿದ್ರೆ ಎಷ್ಟೋ ಸುಲಭ, ಯಾಕಂದ್ರೆ ನಾವು 'ನಂಗೆ ಬೇಜಾರಾಗ್ತಿದೆ' ಅಂತೀವಲ್ಲ, ಐಸ್‌ಲ್ಯಾಂಡಿನವರೂ ಹಾಗೇ 'ಮ್ಯೆರ್ ಲೇದಿಸ್ತ್' ಅಂತಾರೆ, 'ಮ್ಯೆರ್' ಅಂದ್ರೆ 'ನಂಗೆ'. ಚಳಿಗೂ ಅಷ್ಟೇ, 'ಮ್ಯೆರ್ ಎರ್ ಕಾಲ್ತ್', ನಂಗೆ ಚಳಿ. ಇಲ್ಲಿ 'ನಾನು' ಅನ್ನೋ 'ಯೆಗ್' ಹಾಕಿ 'ಯೆಗ್ ಎರ್ ಕಾಲ್ದುರ್' ಅಂದ್ರೆ ಮೈ ಮುಟ್ಟಿದ್ರೆ ತಣ್ಣಗಿದೆ ಅನ್ನೋ ಅರ್ಥ ಬಂದ್ಬಿಡುತ್ತೆ! ನನಗಂತೂ ಇದು ತುಂಬಾ ಇಷ್ಟವಾದ ವಿಷಯ, ಅಷ್ಟು ದೂರದ ಭಾಷೆ ನೋಡಿ.

ಆದ್ರೆ ಎಲ್ಲಾ ಭಾವನೆಗೂ 'ನಂಗೆ' ನಡೆಯಲ್ಲ. ಕೋಪಕ್ಕೆ 'ಯೆಗ್' ಅಂತಾನೇ ಶುರು ಮಾಡ್ಬೇಕು, ಅದರಲ್ಲೂ ಗಂಡಸಾದ್ರೆ 'ಯೆಗ್ ಎರ್ ರೇದುರ್', ಹೆಂಗಸಾದ್ರೆ 'ಯೆಗ್ ಎರ್ ರೇದ್'.

ಲವ್‌ಗೆ 'ಎಲ್ಸ್ಕಾ' ಅನ್ನೋ ಕ್ರಿಯಾಪದ ಇದೆ, 'ಯೆಗ್ ಎಲ್ಸ್ಕಾ ಥಿಗ್' ಅಂದ್ರೆ ನಾನು ನಿನ್ನ ಪ್ರೀತಿಸ್ತೀನಿ. ಅದು ಸ್ವಲ್ಪ ಗಟ್ಟಿ ಮಾತು, ಅಕ್ಕರೆ ಹೇಳೋಕೆ 'ಮ್ಯೆರ್ ಥಿಕಿರ್ ವೈನ್ತ್ ಉಮ್ ಥಿಗ್' ಚೆನ್ನಾಗಿರುತ್ತೆ, ನೀನಂದ್ರೆ ನಂಗೆ ಅಕ್ಕರೆ ಅಂತ, ಅಲ್ಲೂ ಮತ್ತೆ 'ನಂಗೆ'ನೇ ಬಂತು ನೋಡಿ.