ಕೃತಕ ಡಿಸ್ಕ್ ಹಾಕಿಸಿಕೊಂಡ ಮೇಲೆ ಷಟಲ್ ಆಡಬಹುದೇ?

ಪ್ರಶ್ನೆ: ನನಗೆ 39 ವರ್ಷ, ಪ್ರೌಢಶಾಲೆಯ ಶಿಕ್ಷಕಿ. ಸೊಂಟದ ಎಲ್‌4–ಎಲ್‌5 (ನಾಲ್ಕನೇ ಮತ್ತು ಐದನೇ) ಕಶೇರುಮಣಿಗಳ ನಡುವಿನ ಡಿಸ್ಕ್, ಅಂದರೆ ಮೆತ್ತೆ, ಸವೆದು ಬಹಳ ಕಾಲ ನೋವು ಅನುಭವಿಸಿದ ಬಳಿಕ, ಹತ್ತು ವಾರಗಳ ಹಿಂದೆ ಕೃತಕ ಡಿಸ್ಕ್ ಹಾಕಿಸಿಕೊಂಡೆ. ಕಾಲಿನ ಸೆಳೆತ ಹೋಗಿದೆ, ದಿನವೂ ಅರ್ಧ ಗಂಟೆ ನಡೆಯುತ್ತೇನೆ. ಆದರೆ ಬಗ್ಗಲು, ನೀರಿನ ಕೊಡ ಎತ್ತಲು ಭಯ. ಮನೆಯವರು ಇನ್ನು ಜೀವನಪೂರ್ತಿ ಭಾರ ಎತ್ತಬಾರದು, ಸ್ಕೂಟರ್ ಮುಟ್ಟಬಾರದು ಎನ್ನುತ್ತಾರೆ. ಮೊದಲು ಷಟಲ್ ಆಡುತ್ತಿದ್ದೆ. ಮತ್ತೆ ಆಡಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಮತ್ತೆ ಆಡುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ಈಗಲೇ ಅಲ್ಲ. ಮನೆಯವರ ಕಾಳಜಿ ಸಹಜವಾದದ್ದು, ಆದರೂ ‘ಜೀವನಪೂರ್ತಿ’ ಎಂಬ ಮಾತನ್ನು ನಾನು ಒಪ್ಪಲಾರೆ. ಮೂಳೆಗಳನ್ನು ಒಂದಕ್ಕೊಂದು ಬೆಸೆದುಬಿಡುವ ಬದಲು ಡಿಸ್ಕನ್ನೇ ಬದಲಿಸುವುದು ಆ ಜಾಗದ ಚಲನೆ ಉಳಿಯಲಿ ಎಂಬ ಕಾರಣಕ್ಕೇ.

ಕೃತಕ ಡಿಸ್ಕಿನಲ್ಲಿ ಸಾಮಾನ್ಯವಾಗಿ ಎರಡು ಲೋಹದ ತಟ್ಟೆಗಳಿದ್ದು, ನಡುವೆ ಗಟ್ಟಿ ಪ್ಲಾಸ್ಟಿಕ್‌ನ ತಿರುಳಿರುತ್ತದೆ. ತಟ್ಟೆಗಳ ಹೊರಮೈ ಒರಟಾಗಿದ್ದು, ಮೇಲಿನ ಮತ್ತು ಕೆಳಗಿನ ಕಶೇರುಮಣಿಗಳ ಮೂಳೆ ಅದರೊಳಕ್ಕೆ ಬೆಳೆದು ಹಿಡಿದುಕೊಳ್ಳಲು ಸುಮಾರು ಮೂರು ತಿಂಗಳಾದರೂ ಬೇಕು. ಅಲ್ಲದೆ, ಹೊಟ್ಟೆಯ ಕಡೆಯಿಂದ ಡಿಸ್ಕ್ ಕೂರಿಸುವಾಗ ಬೆನ್ನುಮೂಳೆಯ ಮುಂಭಾಗದ ಅಸ್ಥಿರಜ್ಜುವನ್ನು (ಮೂಳೆಗಳನ್ನು ಬಿಗಿದಿಟ್ಟು, ಬೆನ್ನು ಅತಿಯಾಗಿ ಹಿಂದಕ್ಕೆ ಬಾಗದಂತೆ ತಡೆಯುವ ಪಟ್ಟಿ) ಕತ್ತರಿಸಬೇಕಾಗುತ್ತದೆ. ಆದ್ದರಿಂದ ಈ ಅವಧಿಯಲ್ಲಿ ನೀವು ಹೆಚ್ಚು ಎಚ್ಚರ ವಹಿಸಬೇಕಾದದ್ದು ಮುಂದಕ್ಕೆ ಬಗ್ಗುವುದಕ್ಕಿಂತ ಸೊಂಟವನ್ನು ಹಿಂದಕ್ಕೆ ಬಾಗಿಸುವ ವಿಷಯದಲ್ಲಿ. ಅಟ್ಟದ ಮೇಲಿನ ಡಬ್ಬಿಗೆ ಕೈಚಾಚುವಾಗ, ಎತ್ತರದ ತಂತಿಗೆ ಒದ್ದೆ ಬಟ್ಟೆ ಹಾಕುವಾಗ ನಮಗೆ ಅರಿವಿಲ್ಲದೆಯೇ ಸೊಂಟ ಹಿಂದಕ್ಕೆ ಬಾಗಿರುತ್ತದೆ. ಬೆನ್ನಿಗೆ ಒಳ್ಳೆಯದೆಂದು ಹೆಸರಾದ ಭುಜಂಗಾಸನ, ಧನುರಾಸನಗಳೂ ಇದೇ ಕಾರಣಕ್ಕೆ ಸದ್ಯ ಬೇಡ.

ಡಿಸ್ಕ್ ಹೊಸದಾದರೂ ಅದರ ಸುತ್ತಲಿನ ಸ್ನಾಯುಗಳು ಹಳೆಯವೇ. ದೀರ್ಘಕಾಲದ ನೋವಿನಿಂದ ಅವು ಸೊರಗಿರುತ್ತವೆ. ನಿಮ್ಮ ಶಸ್ತ್ರವೈದ್ಯರು ಒಪ್ಪಿದರೆ ಫಿಸಿಯೋಥೆರಪಿಸ್ಟ್ ಬಳಿ ಹೊಟ್ಟೆ, ನಿತಂಬ ಮತ್ತು ಬೆನ್ನಿನ ಒಳಸ್ನಾಯುಗಳ ವ್ಯಾಯಾಮ ಆರಂಭಿಸಿ. ಅಂಗಾತ ಮಲಗಿ, ಮೊಣಕಾಲು ಮಡಚಿ ಸೊಂಟ ಎತ್ತುವಾಗ ಎದೆಯಿಂದ ಮೊಣಕಾಲಿನವರೆಗೆ ನೇರವಾದೊಡನೆ ನಿಲ್ಲಿಸಬೇಕು, ಅದಕ್ಕಿಂತ ಮೇಲೆ ಎತ್ತಬಾರದು.

ಹತ್ತು ಲೀಟರಿನ ಕೊಡ ತುಂಬಿದರೆ ಹತ್ತು ಕಿಲೋ ಮೀರುತ್ತದೆ. ವೈದ್ಯರು ಅನುಮತಿಸಿದ ಮೇಲೂ ಅರ್ಧ ಬಕೆಟ್ಟಿನಿಂದ ಆರಂಭಿಸಿ, ಮೊಣಕಾಲು ಮಡಚಿ, ಮೈಗೆ ಒತ್ತಿಹಿಡಿದು ಎತ್ತಿ. ಸ್ಕೂಟರ್ ವಿಷಯದಲ್ಲಿ ನನಗೆ ಓಡಿಸುವುದಕ್ಕಿಂತ ಅದನ್ನು ನಡುಸ್ಟ್ಯಾಂಡಿಗೆ ಎಳೆದು ನಿಲ್ಲಿಸುವುದರ ಚಿಂತೆಯೇ ಹೆಚ್ಚು. ಸೈಡ್ ಸ್ಟ್ಯಾಂಡ್ ಸಾಕು. ಮಂಪರು ತರುವ ನೋವಿನ ಮಾತ್ರೆಗಳು ಪೂರ್ತಿ ನಿಂತಿರಬೇಕು, ಹಂಪ್‌ಗಳ ಮೇಲೆ ನಿಧಾನವಾಗಿ ಹೋಗಬೇಕು.

ಇನ್ನು ಷಟಲ್. ಸ್ಮ್ಯಾಶ್ ಹೊಡೆಯುವಾಗ ಸೊಂಟ ಹಿಂದಕ್ಕೆ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ಆದ್ದರಿಂದ ಅದು ಎಲ್ಲಕ್ಕಿಂತ ಕೊನೆಗೆ. ಮೂರನೇ ತಿಂಗಳ ಎಕ್ಸ್‌ರೇಯಲ್ಲಿ ಡಿಸ್ಕ್ ಸ್ಥಾನ ಬಿಟ್ಟು ಕದಲಿಲ್ಲವೆಂದು ಖಚಿತವಾದ ಬಳಿಕ ಚುರುಕು ನಡಿಗೆ, ಈಜು, ನಂತರ ನೆಟ್ ಬಳಿಯ ಮೆದು ಹೊಡೆತಗಳು. ಪೂರ್ಣ ಆಟಕ್ಕೆ ಆರು ತಿಂಗಳಾದರೂ ಕಾಯಿರಿ. ಐಸ್ ಹಾಕಿ ಆಟಗಾರ ಜ್ಯಾಕ್ ಐಕೆಲ್ 2021ರ ನವೆಂಬರಿನಲ್ಲಿ ಕುತ್ತಿಗೆಗೆ ಕೃತಕ ಡಿಸ್ಕ್ ಹಾಕಿಸಿಕೊಂಡು, ಮರುವರ್ಷದ ಫೆಬ್ರುವರಿಯಲ್ಲೇ ಕಣಕ್ಕಿಳಿದರು. ಅವರದು ಕುತ್ತಿಗೆ, ನಿಮ್ಮದು ಸೊಂಟ; ಅವರ ವೇಗ ನಿಮಗೆ ಅಳತೆಯಾಗಬೇಕಿಲ್ಲ.

ವ್ಯಾಯಾಮದ ಮರುದಿನ ಸ್ನಾಯು ನೋಯುವುದು ಸಾಮಾನ್ಯ. ಆದರೆ ಕಾಲಿನಲ್ಲಿ ಬಲ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ ಅಥವಾ ಒಂದೇ ಕಾಲು ಊದಿಕೊಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.