ಸ್ಟ್ರೈಕಿನ ದಿನ ಲ್ಯಾಬಿಗೆ ಹೋದೆ, ದ್ರೋಹಿಯಾದೆ

ಪ್ರಶ್ನೆ: ನಮ್ಮದು ಶಿವಮೊಗ್ಗ ಕಡೆಯ ಹಳ್ಳಿ ಸರ್. ಅಪ್ಪ ಹಸಿರು ಶಾಲಿನವರು, ಚಳವಳಿ ಅಂದ್ರೆ ನಮ್ಮ ಮನೆ ಮಾತು. ಈಗ ಅಮೆರಿಕದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಸಂಬಳ ಜಾಸ್ತಿ ಮಾಡಿ ಅಂತ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಸ್ಟ್ರೈಕ್ ಮಾಡಿದರು, ನಾನೂ ಸಹಿ ಹಾಕಿದ್ದೆ. ಆದರೆ ಲ್ಯಾಬಲ್ಲಿ ನಾನು ಬೆಳೆಸುವ ಜೀವಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಹೊಸ ದ್ರಾವಣ ಹಾಕದಿದ್ದರೆ ಸತ್ತು ಹೋಗುತ್ತವೆ. ಅದಕ್ಕೆ ಅರ್ಧ ಗಂಟೆ ಹೋಗಿಬಂದೆ. ಮಾರನೇ ದಿನ ಮೇಜಿನ ಮೇಲೆ ‘ದ್ರೋಹಿ’ ಅಂತ ಚೀಟಿ. ವಾಟ್ಸಾಪ್ ಗ್ರೂಪಿನಿಂದ ತೆಗೆದರು, ಊಟಕ್ಕೂ ಕರೆಯಲ್ಲ. ಈಗ ಯೂನಿಯನ್ ಅಂದ್ರೆ ಮೈ ಉರಿಯುತ್ತೆ, ಬಲಪಂಥದವರ ಭಾಷಣ ಕೇಳಿದರೆ ಹೌದಲ್ವಾ ಅನಿಸುತ್ತೆ. ಅಪ್ಪನ ಜೊತೆ ಫೋನಲ್ಲಿ ಜಗಳ. ನಾನು ನಿಜಕ್ಕೂ ಬದಲಾಗಿದ್ದೇನಾ, ಇಲ್ಲ ಬರೀ ಮುನಿಸಾ?
– ಹೆಸರು ಬೇಡ

ಉತ್ತರ: ಚೀಟಿ ಬರೆದವರದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಎದುರಿಗೆ ಬಂದು ಕೇಳಿದ್ದರೆ ನೀವು ಜೀವಕೋಶದ ಕಥೆ ಹೇಳುತ್ತಿದ್ದಿರಿ, ಅಲ್ಲಿಗೆ ಮುಗಿಯುತ್ತಿತ್ತು.

ನಿಮ್ಮ ಹಾಗೆ ಆದವರು ಬಹಳ ಜನ. 1968ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಕಾರು ಉರುಳಿಸಿ, ಬೀದಿಯ ಕಲ್ಲು ಕಿತ್ತು ಎಸೆಯುತ್ತಿದ್ದಾಗ ರೋಜರ್ ಸ್ಕ್ರೂಟನ್ ಅನ್ನೋ 24ರ ಇಂಗ್ಲಿಷ್ ಯುವಕ ಕಿಟಕಿಯಿಂದ ನೋಡುತ್ತಿದ್ದರು. ತಾನು ಈ ಕಡೆಯವನಲ್ಲ ಅಂತ ಆಗಲೇ ಅನಿಸಿತು ಎಂದು ಆಮೇಲೆ ಹೇಳಿಕೊಂಡರು, ಬ್ರಿಟನ್ನಿನ ಹೆಸರಾಂತ ಸಂಪ್ರದಾಯವಾದಿ ಚಿಂತಕರಾದರು. ಆದರೆ ಅವರು ಸಿಟ್ಟಿಗೇ ನಿಲ್ಲಲಿಲ್ಲ. ವರ್ಷಗಟ್ಟಲೆ ಓದಿದರು, ಕಮ್ಯುನಿಸ್ಟ್ ಆಡಳಿತದ ಜೆಕೊಸ್ಲೊವಾಕಿಯಾಕ್ಕೆ ಹೋಗಿ ಗುಟ್ಟಾಗಿ ಪಾಠ ಮಾಡಿದರು, 1985ರಲ್ಲಿ ಅಲ್ಲಿನವರು ಹಿಡಿದು ಹೊರಗೆ ಹಾಕಿದರು. ಅವರ ವಿಚಾರ ನೀವು ಒಪ್ಪಿ, ಒಪ್ಪದಿರಿ, ಅದು ಒಂದು ಚೀಟಿಯಿಂದ ಆದದ್ದಲ್ಲ.

ಅದೇ 1968ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಉಲ್ಟಾ ಆಯಿತು. ಕಟ್ಟಡ ಹಿಡಿದು ಕೂತ ವಿದ್ಯಾರ್ಥಿಗಳನ್ನು ಎಬ್ಬಿಸಲು ಪೊಲೀಸರು ನುಗ್ಗಿ 700ರಷ್ಟು ಜನರನ್ನು ಬಂಧಿಸಿದರು, ಸುಮ್ನೆ ನಿಂತು ನೋಡುತ್ತಿದ್ದವರಿಗೂ ಏಟು ಬಿತ್ತು. ಅಲ್ಲಿಯವರೆಗೆ ಈ ಗಲಾಟೆ ಯಾಕೆ ಅನ್ನುತ್ತಿದ್ದ ಎಷ್ಟೋ ವಿದ್ಯಾರ್ಥಿಗಳು ಚಳವಳಿ ಕಡೆ ವಾಲಿದರು.

ನೀವು ಊಟಕ್ಕೆ ಕರೆಯಲ್ಲ ಅಂತ ಬರೆದಿದ್ದೀರಲ್ಲ, ನನಗೆ ಅದೇ ಮುಖ್ಯ ಅನಿಸಿತು. ಅಮೆರಿಕದ ಬೆನಿಂಗ್ಟನ್ 1930ರ ದಶಕದಲ್ಲಿ ಹೆಣ್ಣುಮಕ್ಕಳ ಕಾಲೇಜು, ಬಹುಪಾಲು ಸಂಪ್ರದಾಯವಾದಿ ರಿಪಬ್ಲಿಕನ್ ಪಕ್ಷದ ಮನೆಗಳಿಂದ ಬಂದವರು. 1936ರ ಚುನಾವಣೆಯಲ್ಲಿ ರಿಪಬ್ಲಿಕನ್ ಲ್ಯಾಂಡನ್‌ಗೆ ಮೊದಲ ವರ್ಷದವರಲ್ಲಿ ಶೇ. 62 ಒಲವು, ಕೊನೆಯ ಎರಡು ವರ್ಷದವರಲ್ಲಿ ಶೇ. 15ರ ಆಸುಪಾಸು. ಅಲ್ಲೇ ಪಾಠ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಥಿಯೊಡೋರ್ ನ್ಯೂಕಾಂಬ್ ಕೂತು ವಿಚಾರಿಸಿದರೆ, ಕಾಲೇಜಿನ ಗೆಳೆತನದಲ್ಲಿ ಬೆರೆತವರು ಬದಲಾಗಿದ್ದರು, ಬೆರೆಯದೆ ಮನೆಗೇ ಅಂಟಿಕೊಂಡವರು ಹಾಗೇ ಉಳಿದಿದ್ದರು. ನಿಮ್ಮನ್ನು ಒಂದು ಪಂಕ್ತಿಯಿಂದ ಎಬ್ಬಿಸಿದರು. ಇನ್ನೊಂದು ಪಂಕ್ತಿಯಲ್ಲಿ ಬನ್ನಿ ಅಂದರೆ ಅಲ್ಲಿನ ಸಾರೂ ರುಚಿ ಅನಿಸುತ್ತೆ.

ನನ್ನದೂ ಒಂದು ಕೇಳಿ. ಡಿಗ್ರಿಯಲ್ಲಿದ್ದಾಗ ಬಸ್ ಪಾಸಿಗಾಗಿ ಸ್ಟ್ರೈಕ್ ಆಯಿತು. ಅವತ್ತು ಪ್ರಾಕ್ಟಿಕಲ್ ಇತ್ತು, ನಾನು ಒಳಗೆ ಹೋದೆ. ಮಾರನೇ ದಿನ ನನ್ನ ಬೆಂಚಿನ ಮೇಲೆ ಒಂದು ಡಜನ್ ಗಾಜಿನ ಬಳೆ, ಕಾಗದದ ಮೇಲೆ ಸಾಲಾಗಿ ಜೋಡಿಸಿ. ಇಡೀ ಕ್ಲಾಸು ನಕ್ಕಿತು. (ಬಳೆ ಹೇಗೆ ಅವಮಾನ ಆಯಿತೋ, ಅದನ್ನು ಪಕ್ಕದ ಬೆಂಚಿನ ಹುಡುಗಿಯರು ಕೇಳಬೇಕಿತ್ತು.) ಆ ಸಿಟ್ಟಿಗೆ ಹತ್ತು ವರ್ಷ ಎದುರು ಪಕ್ಷಕ್ಕೇ ವೋಟು ಹಾಕಿದೆ, ಪ್ರಣಾಳಿಕೆ ಒಂದು ಪುಟ ಓದಲಿಲ್ಲ. ಸ್ಟ್ರೈಕ್ ಗೆದ್ದಿತು, ಪಾಸು ಬಂತು, ಡಿಗ್ರಿ ಮುಗಿಯುವ ತನಕ ಅದೇ ಪಾಸಲ್ಲಿ ಓಡಾಡಿದೆ.

ಅದಕ್ಕೆ ನಿಮಗೆ ಲೆಕ್ಕ ಹಾಕಿ ಅನ್ನೋದು. ಸಂಬಳ ಸಾಲದು ಅಂತ ಸಹಿ ಹಾಕಿದ್ದಿರಿ. ಬಾಡಿಗೆ ಕಟ್ಟಿದ ಮೇಲೆ ಈಗೆಷ್ಟು ಉಳಿಯುತ್ತೆ? ಇವತ್ತೂ ಸಾಲದು ಅನಿಸಿದರೆ ನಿಮಗೆ ಬೇಸರ ಬಂದಿರೋದು ಆ ಜನರ ಮೇಲೆ. ಇಲ್ಲ, ಯೂನಿಯನ್ನೇ ಬೇಡ ಅನ್ನೋದಕ್ಕೆ ಚೀಟಿಯ ಹೆಸರೆತ್ತದೆ ನಾಲ್ಕು ಕಾರಣ ಕೊಡಬಲ್ಲಿರಾದರೆ ಬದಲಾಗಿದ್ದೀರಿ, ನಾಚಿಕೆ ಬೇಡ, ಅಪ್ಪನಿಗೂ ಹಾಗೇ ಹೇಳಿ.

ಮುಂದಿನ ಸಲ ಫೋನ್ ಮಾಡಿದಾಗ ಪಕ್ಷದ ಮಾತು ಬಿಟ್ಟು ಅಪ್ಪನನ್ನು ಇದೊಂದು ಕೇಳಿ: ರಸ್ತೆ ತಡೆ ದಿನ ಬೆಳೆಗೆ ನೀರು ಹಾಯಿಸಬೇಕು ಅಂತ ಗದ್ದೆಯಲ್ಲೇ ಉಳಿದವನಿಗೆ ನೀವೆಲ್ಲ ಏನು ಅನ್ನುತ್ತಿದ್ದಿರಿ? ಏನು ಹೇಳಿದರು ಅಂತ ನನಗೂ ಬರೆಯಿರಿ.